ಪುಸ್ತಕ ದಿನ, ಓದಿಗೆ ರಜೆ

ಏಪ್ರಿಲ್ 23, ವಿಶ್ವ ಪುಸ್ತಕ ದಿನ. ಕಲಬುರಗಿಯ ವಾಚನಾಲಯವೊಂದರ ಬಾಗಿಲಿಗೆ ಚೀಟಿ ಅಂಟಿಸಿದ್ದರು: ‘ಪುಸ್ತಕ ದಿನಾಚರಣೆಯ ನಿಮಿತ್ತ ಓದುವ ಕೊಠಡಿ ಮುಚ್ಚಿರುತ್ತದೆ.’ ಒಳಗೆ ಓದುವ ಮೇಜುಗಳನ್ನೆಲ್ಲ ಜೋಡಿಸಿ, ಬಿಳಿ ಬಟ್ಟೆ ಹೊದಿಸಿ, ಸಾಲಾಗಿ ಕೇಕುಗಳನ್ನು ಇಟ್ಟಿದ್ದರು. ಪುಸ್ತಕದ ಹೆಸರಿನಲ್ಲಿ ಕೇಕ್ ಅಲಂಕಾರದ ಸ್ಪರ್ಧೆ. ದಿನವೂ ಪತ್ರಿಕೆ ಓದಲು ಬರುವ ನಿವೃತ್ತ ಮಾಸ್ತರರನ್ನು ಸ್ವಯಂಸೇವಕ ಹುಡುಗ ವಿನಯದಿಂದಲೇ ತಡೆದ: “ಕಾಕಾ, ಇವತ್ತು ಪುಸ್ತಕದ ಹಬ್ಬ ಇದೆ. ನಾಳೆ ಬಂದು ಓದಿರಿ.” ಪಿಎಸ್‌ಐ, ಎಫ್‌ಡಿಎ ಎಂದು ವರ್ಷಗಟ್ಟಲೆ ಅಲ್ಲೇ ಕುಳಿತು ಓದುವ ಹುಡುಗರು ಗೈಡುಗಳನ್ನು ಎದೆಗವಚಿಕೊಂಡು ಬೇವಿನ ಮರದ ಕೆಳಗೆ ಸೇರಿದ್ದರು. ಉದ್ಘಾಟನೆಯ ಹೊತ್ತಿಗೆ ಕುರ್ಚಿಗಳು ಖಾಲಿ ಕಾಣುತ್ತವೆಂದು ಅವರನ್ನು ಕರೆದು ಕೂರಿಸಿ, ಚಪ್ಪಾಳೆ ಮುಗಿದ ಮೇಲೆ ಮತ್ತೆ ಹೊರಗೆ ಕಳುಹಿಸಿದರು.

ತಿನ್ನುವ ಪುಸ್ತಕದ ಹಬ್ಬ ಹೊಸದೇನಲ್ಲ. ಪಶ್ಚಿಮದ ದೇಶಗಳಲ್ಲಿ 2000ದಿಂದ ಅದನ್ನು ಏಪ್ರಿಲ್ 1ರ ಆಸುಪಾಸಿನಲ್ಲಿ ಆಚರಿಸುತ್ತಾರೆ. ಊಟದ ಬಗ್ಗೆ ಗ್ರಂಥವನ್ನೇ ಬರೆದ ಫ್ರಾನ್ಸಿನ ಬ್ರಿಯಾ ಸವಾರಾ 1755ರಲ್ಲಿ ಹುಟ್ಟಿದ ದಿನ ಅದು. ಅಲ್ಲಿ ಓದಿದ ಪುಸ್ತಕವನ್ನು ನೆನೆದು ತಿಂಡಿ ಮಾಡುತ್ತಾರೆ, ನೋಡುತ್ತಾರೆ, ನಗುತ್ತಾರೆ, ತಿನ್ನುತ್ತಾರೆ. ಮೂರ್ಖರ ದಿನ ಬೇಡವೆಂದು ನಮ್ಮವರು ತಾರೀಖು ಬದಲಿಸಿದರು. ತಾರೀಖು ಮಾತ್ರ.

ಸ್ಪರ್ಧೆಯ ನಿಯಮಾವಳಿ ಎರಡು ಪುಟ ಇತ್ತು. ಅಂದು ಆ ಕಟ್ಟಡದಲ್ಲಿ ಆದಿಯಿಂದ ಅಂತ್ಯದವರೆಗೆ ಓದಿಸಿಕೊಂಡ ಸಾಹಿತ್ಯ ಅದೊಂದೇ. ಕೇಕ್ ಎರಡು ಕಿಲೋ ತೂಗಬೇಕು, ಮೇಲೆ ಪುಸ್ತಕದ ಹೆಸರಿರಬೇಕು, ಎಗ್‌ಲೆಸ್ ಕಡ್ಡಾಯ. ಆ ಪುಸ್ತಕವನ್ನು ಓದಿರಬೇಕೆಂಬ ಷರತ್ತು ಇರಲಿಲ್ಲ. ಮಕ್ಕಳು ಸೊರಗಿದ್ದಾರೆಂದು 2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎಷ್ಟು ಗದ್ದಲವಾಗಿತ್ತು! ಸಾಹಿತ್ಯಕ್ಕೂ ಅದೇ ಮಡಿ ಬೇಕಲ್ಲವೇ?

ಕೇಕ್ ಮಾಡಿದ ಹೆಣ್ಣುಮಕ್ಕಳ ಬಗ್ಗೆ ನನ್ನ ತಕರಾರಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು, ಕರೆಂಟ್ ಹೋದಾಗ ಓವನ್ ಮುಂದೆ ದೇವರನ್ನು ನೆನೆದು ಮಾಡಿದ ಕೆಲಸ ಅದು. ಅವರಲ್ಲೊಬ್ಬಳು ಕವಿರಾಜಮಾರ್ಗವನ್ನೇ ಮಾಡಿ ತಂದಿದ್ದಳು. ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 850ರದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಮಳಖೇಡ, ಅದರ ತವರು. ಸಕ್ಕರೆಯ ತೆಳು ಹಾಳೆಯಲ್ಲಿ ತಾಳೆಗರಿಗಳನ್ನು ಕತ್ತರಿಸಿ, ದಾರ ಪೋಣಿಸಲು ನಡುವೆ ತೂತು ಸಹ ಕೊರೆದಿದ್ದಳು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಹೇಳುತ್ತದಲ್ಲ, ಅದಕ್ಕಾಗಿ ಕೆಳಗೊಂದು ಮೇಲೊಂದು ನೀಲಿ ಜೆಲ್ಲಿನ ನದಿ.

ಬೆಣ್ಣೆ 35 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಏಪ್ರಿಲ್ ಕೊನೆಯ ಕಲಬುರಗಿ 40ರ ಮೇಲೆಯೇ ಇರುತ್ತದೆ. ಕೂಲರ್ ಒಂದೇ ಇತ್ತು, ಅದೂ ವೇದಿಕೆಯ ಕಡೆಗೆ ಮುಖ ಮಾಡಿತ್ತು. ಮುಖ್ಯ ಅತಿಥಿಗಳು ‘ಮೊಬೈಲ್‌ನಿಂದ ಓದುವ ಸಂಸ್ಕೃತಿ ಹಾಳಾಯಿತು’ ಎಂದು ಮೊಬೈಲ್ ನೋಡಿಕೊಂಡು ಓದುತ್ತಿದ್ದಾಗ ಇತ್ತ ಹೆಸರಿನ ಅಕ್ಷರಗಳು ಜಾರತೊಡಗಿದವು. ಮೊದಲು ಹೋದದ್ದು ‘ಮಾರ್ಗ’ದ ಅರ್ಕಾವೊತ್ತು. ಸಣ್ಣ ನೋಝಲಿನಿಂದ ಉಸಿರು ಬಿಗಿಹಿಡಿದು ಬರೆದದ್ದು, ನಿಧಾನವಾಗಿ ಅಂಚಿಗೆ ಬಂದು ತಟ್ಟೆಗೆ ಬಿತ್ತು. ಉಳಿದದ್ದು ‘ಕವಿರಾಜಮಾಗ’. ಆಮೇಲೆ ಕಾವೇರಿ ಗೋದಾವರಿಗಳು ಹರಿದು ಒಂದಾದವು. ದಶಕಗಳಿಂದ ದೆಹಲಿಯ ಕಡತದಲ್ಲಿರುವ ನದಿ ಜೋಡಣೆ ನಮ್ಮೂರಿನಲ್ಲಿ ಸ್ವಾಗತ ಭಾಷಣ ಮುಗಿಯುವುದರೊಳಗೆ ಜಾರಿಯಾಯಿತು, ಅದೂ ಭೂಸ್ವಾಧೀನವಿಲ್ಲದೆ.

ತೀರ್ಪುಗಾರರು ಬಂದರು. ಬಾಗಿ ನೋಡಿದರು, ಚಮಚ ಇಳಿಸಿದರು, “ಯಾವ ಎಸೆನ್ಸ್ ಹಾಕಿದ್ದೀರಮ್ಮ?” ಎಂದರು. ಅರ್ಕಾವೊತ್ತು ಎಲ್ಲಿ ಹೋಯಿತೆಂದು ಕೇಳಲಿಲ್ಲ. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಅದೇ ಗ್ರಂಥ ಹೊಗಳಿದೆ. ಆ ಹೊಗಳಿಕೆಯನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಂಡು ಬಂದವರನ್ನು ಮಳಖೇಡದ ದೊರೆ ನೃಪತುಂಗನೂ ಕಂಡಿರಲಾರ. ಮೊದಲ ಬಹುಮಾನ ಇಂಗ್ಲಿಷ್ ಮಾಂತ್ರಿಕ ಹುಡುಗನ ಕಥೆಯ ಕೇಕಿಗೆ ಹೋಯಿತು. ಅದರ ಮೇಲೆ ಹಚ್ಚಿದ್ದು ಅಚ್ಚು ಹಾಕಿಸಿದ ಚಿತ್ರ, ಕರಗುವ ಭಯವಿರಲಿಲ್ಲ. ಬಹುಮಾನವಾಗಿ ಮಿಕ್ಸರ್ ಕೊಟ್ಟರು. ಪುಸ್ತಕ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಸಮಿತಿಯಲ್ಲಿ ಮೊದಲೇ ತೀರ್ಮಾನವಾಗಿತ್ತಂತೆ.

ನಾವೆಲ್ಲ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಕಾಯ್ದೆ. ವಸೂಲಿ ಮಾಡುವ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಇಟ್ಟುಕೊಂಡ ಸುದ್ದಿ ರಾಜ್ಯದ ಎಲ್ಲ ಕಡೆಯಿಂದ ಬರುತ್ತಲೇ ಇರುತ್ತದೆ. ಹೊಸ ಪುಸ್ತಕ ಕೇಳಿದರೆ ಅನುದಾನವಿಲ್ಲ. ಶಾಮಿಯಾನಕ್ಕೆ, ಫ್ಲೆಕ್ಸಿಗೆ, ಶಾಲುಗಳಿಗೆ ಮಾತ್ರ ಎಲ್ಲಿಂದಲೋ ಹಣ ಹುಟ್ಟುತ್ತದೆ.

ಈ ಸಲ ಖರ್ಚನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ಗುಮಾಸ್ತರು ತಲೆ ಕೆರೆದುಕೊಂಡು, ಪುಸ್ತಕದ ಹೆಸರಿದೆಯಲ್ಲ ಎಂದು ‘ಪುಸ್ತಕ ಖರೀದಿ’ಗೇ ಹಾಕಿದರಂತೆ. ಹಾಕಿದ ಮೇಲೆ ದಾಸ್ತಾನು ವಹಿಯಲ್ಲಿ ನಮೂದಿಸಲೇಬೇಕು. ಕೃತಿ: ಕವಿರಾಜಮಾಗ. ಪುಟಗಳು: ಎರಡು ಕಿಲೋ. ಈಗಿನ ಸ್ಥಿತಿ: ಓದುಗರಿಗೆ ವಿತರಿಸಲಾಗಿದೆ.