ನನ್ನ ನೋಟ್‌ಬುಕ್ಕನ್ನೇ ಜೆರಾಕ್ಸ್ ಮಾಡಿಸಿಕೊಂಡರು

ಆ ನೋಟ್‌ಬುಕ್ ಕೊಡಬಾರದಿತ್ತು. ಕಲಬುರಗಿಯಲ್ಲಿ ಬಸ್ ಹತ್ತಿದಾಗಿನಿಂದ ಸೇಡಂ ಮುಟ್ಟುವ ತನಕ ಇದೊಂದೇ ತಲೆಯಲ್ಲಿ. ಈಗ ರಾತ್ರಿ ಹನ್ನೊಂದಾಗಿದೆ, ಮಗ ಮಲಗಿದ್ದಾನೆ, ನನಗೆ ನಿದ್ದೆ ಬರುತ್ತಿಲ್ಲ.

ಕಚೇರಿ ಯಾವುದು ಅಂತ ಹೇಳೋದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾದವಳು ನಾನೇ ಅಲ್ವಾ.

ನಾನು ಕೇಳಲು ಹೋಗಿದ್ದು ಸಿಪಿ ಚೇರ್, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮಗನಂಥ ಮಕ್ಕಳನ್ನ ಪಟ್ಟಿ ಹಾಕಿ ಕೂರಿಸುವ ಕುರ್ಚಿ. ಎರಡು ವರ್ಷದ ಹಿಂದೆ ಶಿಬಿರದಲ್ಲಿ ಸಿಕ್ಕ ಕುರ್ಚಿ ಅವನಿಗೆ ಚಿಕ್ಕದಾಗಿದೆ, ಸೊಂಟದ ಪಟ್ಟಿ ಹಾಕಲಿಕ್ಕೇ ಬರುವುದಿಲ್ಲ. ಗುಮಾಸ್ತರು ತಲೆ ಎತ್ತದೆ ಹೇಳಿದರು, "ಮೂರು ವರ್ಷ ಆಗ್ಬೇಕ್ರಿ, ಅದರಾಗ ಕೊಡಂಗಿಲ್ಲ." ಸರ್, ಮೂರು ವರ್ಷ ದೊಡ್ಡವರಿಗೆ, ವಿಕಲಚೇತನರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ, ಇವನಿಗಿನ್ನೂ 11 ಅಂದೆ. ಅವರಿಗೆ ಗೊತ್ತಿರಲಿಲ್ಲ. "ಯಾರ್ ಹೇಳಿದ್ರು ನಿಮಗ?" ಅಂದರು. ಅದಕ್ಕೇ ನೋಟ್‌ಬುಕ್ ತೆಗೆದೆ.

ಆರು ವರ್ಷದಿಂದ ಬರೆಯುತ್ತಿರುವ ನೋಟ್‌ಬುಕ್ ಅದು. ವಿಕಲಚೇತನರ ಗುರುತಿನ ಚೀಟಿ ಯುಡಿಐಡಿ ಕಾರ್ಡಿಗೆ ಯಾವ ಕಾಗದ ಬೇಕು, ಮೆಡಿಕಲ್ ಬೋರ್ಡ್ ಯಾವ ವಾರ ಕೂರುತ್ತದೆ, ಬಸ್ ಪಾಸ್ ಪ್ರತಿ ವರ್ಷ ಎಲ್ಲಿ ರಿನೀವಲ್ ಮಾಡಿಸಬೇಕು. ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದ ತನಕ ಸಿಗುತ್ತದೆ, ಥೆರಪಿ ಖರ್ಚೂ ಬರುತ್ತದೆ ಅನ್ನೋದು. ಮಗನಿಗೆ 18 ತುಂಬಿದ ಮೇಲೆ ತಾಯಿ ಅನ್ನುವುದಷ್ಟೇ ಸಾಲದು, ಪಾಲಕಿ ಅಂತ ಜಿಲ್ಲಾಧಿಕಾರಿಗಳ ಸಮಿತಿಯಿಂದ ಕಾಗದ ಮಾಡಿಸಬೇಕು ಅನ್ನೋದು. ಇದೊಂದನ್ನೂ ಯಾವ ಕಚೇರಿಯೂ ತಾನಾಗಿ ಹೇಳಲಿಲ್ಲ. ಥೆರಪಿಗೆ ಬರುವ ಬೇರೆ ತಾಯಂದಿರು ಹೇಳಿದ್ದು, ನಾನು ತಪ್ಪು ಬಾಗಿಲಿಗೆ ಹೋಗಿ ಹೋಗಿ ತಿಳಿದಿದ್ದು.

ಅವರು ಹಾಳೆ ತಿರುವಿದರು. ನಾನು ತೋರಿಸಿದ ಹಾಳೆ ಬಿಟ್ಟು ಮುಂದಕ್ಕೆ ಹೋದರು. ಅಲ್ಲಿ ನನ್ನ ಮಗನ ದಿನಚರಿ ಇತ್ತು. ಥೆರಪಿ ಡಾಕ್ಟರಿಗೆ ತೋರಿಸಲಿಕ್ಕೆ ಬರೆದಿಟ್ಟಿದ್ದು. ಅದನ್ನ ಗಟ್ಟಿಯಾಗಿ ಓದಿದರು. "ರಾತ್ರಿ ಎರಡು ಸಲ ಹಾಸಿಗೆ ಒದ್ದೆ. ಹಳೇ ಧೋತರ ಕಟ್ಟಿದೆ." ಹಿಂದೆ ಸಾಲಿನಲ್ಲಿ ಎಂಟು ಹತ್ತು ಮಂದಿ ನಿಂತಿದ್ದರು. "ಇದೂ ಬರ್ದೀರಲ್ರಿ ಅಕ್ಕಾ" ಅಂತ ನಕ್ಕರು. ಪಕ್ಕದ ಟೇಬಲ್‌ನವರೂ ನಕ್ಕರು.

ನನ್ನ ಮಗನಿಗೆ ಮಾತು ಬರುವುದಿಲ್ಲ. ಆದರೆ ಎಲ್ಲಾ ತಿಳಿಯುತ್ತದೆ. ಬೆಂಚಿನ ಮೇಲೆ ನನಗೆ ಒರಗಿ ಕೂತಿದ್ದವನು ಮುಖವನ್ನ ನನ್ನ ಸೆರಗಿನಲ್ಲಿ ಮುಚ್ಚಿಕೊಂಡ. ಮನೆಗೆ ಬರುವ ತನಕ ತೆಗೆಯಲಿಲ್ಲ. ನಾನು ಆಗ ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಕುರ್ಚಿ ಬೇಕಿತ್ತಲ್ಲ, ಅದಕ್ಕೆ ಬಾಯಿ ಮುಚ್ಚಿಕೊಂಡು ನಿಂತೆ.

ಆಮೇಲೆ ಅಂದರು, "ಚಲೋ ಬರ್ದೀರಿ, ನಮಗೂ ಬೇಕಾಗ್ತದ." ಹುಡುಗನನ್ನ ಕರೆದು ಪೂರ್ತಿ ನೋಟ್‌ಬುಕ್ ಜೆರಾಕ್ಸ್ ಮಾಡಿಸಿದರು. ಸಾಲಿನಲ್ಲಿದ್ದ ಒಬ್ಬ ಅಜ್ಜ ಮೊಮ್ಮಗಳ ಕಾರ್ಡಿನ ಬಗ್ಗೆ ಕೇಳಿದರೆ, "ಆ ಅಕ್ಕನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತದ" ಅಂತ ನನ್ನ ಕಡೆ ಕೈ ತೋರಿಸಿದರು. ಅಜ್ಜನಿಗೆ ಹೇಳಿದೆ. ಹೇಳದೇ ಇರಲಿಕ್ಕೆ ಆಗುತ್ತಾ? ಅವರು ಅಫಜಲಪುರ ಕಡೆಯವರು, ಮೂರನೇ ಸಲ ಬಂದಿದ್ದರು.

ಹೋಗಲಿ, ನಾಲ್ಕು ಜನಕ್ಕೆ ಉಪಯೋಗ ಆದರೆ ಆಗಲಿ ಅಂತಲೂ ಅನ್ನಿಸುತ್ತದೆ. ಇಲ್ಲ, ಹೋಗಲಿ ಅಂತ ಹೇಗೆ ಬಿಡೋದು? 2011ರ ಜನಗಣತಿಯಲ್ಲೇ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ವಿಕಲಚೇತನರಿದ್ದರು. ಆಗ ಕಾನೂನಿನಲ್ಲಿ 7 ಬಗೆ ಇತ್ತು, 2016ರ ಕಾಯ್ದೆ ಬಂದ ಮೇಲೆ 21 ಬಗೆ ಆಗಿದೆ. ಇಷ್ಟು ಜನಕ್ಕೆ ಒಂದು ಪುಸ್ತಕ ಮಾಡಲಿಕ್ಕೆ ಸರ್ಕಾರಕ್ಕೆ ಆಗುವುದಿಲ್ಲವಾ? ಯೋಜನೆಯ ಹೆಸರು ಮಂತ್ರಿ ಫೋಟೋ ಹಾಕಿದ ಪುಸ್ತಕ ಅಲ್ಲ. ಯಾವ ಟೇಬಲ್, ಯಾವ ವಾರ, ಯಾವ ಕಾಗದ, ಎಷ್ಟು ದಿನ, ಇಲ್ಲ ಅಂದರೆ ಯಾರನ್ನ ಕೇಳಬೇಕು. ಸಾಹೇಬರಿಗೆ ವರ್ಗ ಆದರೂ ಎತ್ತುವ ಫೋನ್ ನಂಬರ್. ಕಣ್ಣು ಕಾಣದವರು ಕೇಳಿ ತಿಳಿಯುವ ಹಾಗೆ, ಓದು ಬರದ ನಮ್ಮ ಅತ್ತೆಯಂಥವರಿಗೂ ಮುಟ್ಟುವ ಹಾಗೆ. ಪಂಚಾಯಿತಿಗೊಬ್ಬ ವಿಕಲಚೇತನರ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ ಇರಬೇಕು ಅಂತಲೇ ಇದೆ, ಮೊದಲು ಅವರ ಕೈಗಾದರೂ ಆ ಪುಸ್ತಕ ಕೊಡಿ. ಪಾಪ, ನಮ್ಮೂರಿನ ಕಾರ್ಯಕರ್ತರು ನನಗೇ ಫೋನ್ ಮಾಡಿ ಕೇಳುತ್ತಾರೆ.

ಕುರ್ಚಿಗೆ ಅರ್ಜಿ ತೆಗೆದುಕೊಂಡರಾ? ಇಲ್ಲ. "ಮ್ಯಾಲ ಕೇಳಿ ಹೇಳ್ತೀವಿ" ಅಂದರು. ದೀಪಾವಳಿ ಆದ ಮೇಲೆ ಅವನಿಗೆ 12 ತುಂಬುತ್ತದೆ. ಆಮೇಲೆ ಅದೇ ಮೂರು ವರ್ಷದ ಮಾತು ಹೇಳಿ ಕಳಿಸುತ್ತಾರೆ.

ಯಾರಾದರೂ ಉತ್ತರ ಕೊಡಿ. ಯೋಜನೆಗಳ ಹಾಳೆ ಇಟ್ಟುಕೊಳ್ಳಿ, ಬೇಕಾದಷ್ಟು ಜನಕ್ಕೆ ಹಂಚಿ. ನನ್ನ ಮಗನ ಹಾಸಿಗೆಯ ಹಾಳೆ ಈಗ ಯಾರ ಟೇಬಲ್ ಮೇಲಿದೆ? ಅದನ್ನ ವಾಪಸ್ ಕೇಳಲಿಕ್ಕೆ ಯಾವ ಕೋಣೆಗೆ ಹೋಗಬೇಕು?