ಕೆಮ್ಮಿದರೆ ನಿಂತ ಹೃದಯ ಶುರುವಾಗುತ್ತಾ?

ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಾ ಇರಿ, ಜೀವ ಉಳಿಯುತ್ತದೆ ಅನ್ನುವ ಮೆಸೇಜ್ ನಮ್ಮ ಕೊಡಗಿನ ಗ್ರೂಪುಗಳಲ್ಲೂ ಸುತ್ತುತ್ತಲೇ ಇದೆ. ಕಳಿಸುವವರ ಕಾಳಜಿ ನಿಜ. ಪಕ್ಕದ ಮನೆಗೆ ಹೋಗಲು ಒಂದು ಕಾಫಿ ತೋಟ ದಾಟಬೇಕಾದ ಕಡೆ ಭಯ ಸಹಜ ಅಲ್ವಾ? ಆದರೆ ವಿಷಯ ತಪ್ಪು.

ಹೃದಯ ನಿಂತರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಕೆಮ್ಮುವುದೆಲ್ಲಿ? ಕೆಮ್ಮಲು ಆಗುತ್ತಿದೆ ಅಂದರೆ ಹೃದಯ ಇನ್ನೂ ಬಡಿಯುತ್ತಿದೆ, ಆ ಸಮಯ 108ಕ್ಕೆ ಫೋನ್ ಮಾಡಲು, ಯಾರನ್ನಾದರೂ ಕೂಗಲು ಬೇಕು. ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡುವಾಗ ಮಾನಿಟರ್ ನೋಡುತ್ತಾ ಡಾಕ್ಟರ್ ಕೆಲವೊಮ್ಮೆ ಕೆಮ್ಮಿಸುತ್ತಾರೆ, ಅದು ಬೇರೆ ಮಾತು.

ಎಮರ್ಜೆನ್ಸಿ ವಾರ್ಡಿನಲ್ಲೇ ಹೃದಯ ನಿಂತರೆ ಉಳಿಯುವ ಸಾಧ್ಯತೆ ಮನೆಗಿಂತ ಜಾಸ್ತಿ. ತಕ್ಷಣ ಎದೆ ಒತ್ತುವವರು, ಶಾಕ್ ಕೊಡುವ ಯಂತ್ರ ಪಕ್ಕದಲ್ಲೇ ಇರುತ್ತಾರೆ, ಆದರೂ ಎಲ್ಲರೂ ಉಳಿಯುವುದಿಲ್ಲ. ಅದಕ್ಕೇ ನೋವು ಶುರುವಾದ ಕೂಡಲೇ ಹೊರಡಬೇಕು, ಗ್ಯಾಸ್ ಇರಬಹುದು ಅಂತ ಸುಮ್ನೆ ಕೂರಬಾರದು. ಎದುರಿಗೆ ಯಾರಾದರೂ ಕುಸಿದು ಉಸಿರಾಡದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಿ, ಇದನ್ನೇ ಸಿಪಿಆರ್ ಅನ್ನುತ್ತಾರೆ.

ಇಂಥ ಮೆಸೇಜ್ ಬಂದರೆ ಬರೆದವರು ಯಾರು, ತಾರೀಖು ಇದೆಯಾ ನೋಡಿ. ‘ಕೆಮ್ಮು ಸಿಪಿಆರ್’ ಅಂತ ಹುಡುಕಿ, ಇಲ್ಲವೇ ಊರಿನ ನರ್ಸಮ್ಮನನ್ನೇ ಕೇಳಿ.