ಫ್ಯಾನ್ ಹಾಕಿದ್ದು ಯಾರು?

ಎಚೆವೇರಿಯಾ ಹೂವಿಗೆ ಬೇಕಾಗಿದ್ದದ್ದು ಹಮ್ಮಿಂಗ್‌ಬರ್ಡ್. ಸಿಕ್ಕಿದ್ದು ನಾನು.

ದಪ್ಪ ಎಲೆಗಳನ್ನು ಗುಲಾಬಿಯಂತೆ ಸುತ್ತಲೂ ಜೋಡಿಸಿಕೊಂಡಿರುವ ಈ ಪುಟ್ಟ ಗಿಡಗಳ ತವರು ಹೆಚ್ಚಾಗಿ ಮೆಕ್ಸಿಕೊ. ಅಲ್ಲಿ ಆ ಪುಟಾಣಿ ಹಕ್ಕಿ ಗಾಳಿಯಲ್ಲೇ ನಿಂತುಕೊಂಡು, ಗಂಟೆಯಾಕಾರದ ಹೂವಿನೊಳಗೆ ಕೊಕ್ಕು ತೂರಿಸಿ, ಮಕರಂದ ಹೀರಿ, ಮೈಗೆ ಮೆತ್ತಿದ ಪರಾಗವನ್ನು ಮುಂದಿನ ಹೂವಿಗೆ ದಾಟಿಸಿ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ನಾನು ಅದೇ ಕೆಲಸಕ್ಕೆ ಕನ್ನಡಕ ಹಾಕಿ, ಅದರ ಮುಂದೆ ಭೂತಗನ್ನಡಿ ಹಿಡಿದು, ಮಗಳ ಪೇಂಟಿಂಗ್ ಬ್ರಷ್ ಕದ್ದು, ಕಿಟಕಿ ಮುಂದೆ ಸೊಂಟ ಬಗ್ಗಿಸಿ ನಿಲ್ಲುತ್ತೇನೆ. ಹಕ್ಕಿಗೆ ಮಕರಂದವಾದರೂ ಸಿಗುತ್ತೆ. ನನಗೆ ಸಿಗೋದು ಸೊಂಟನೋವು.

"ಸುಮ್ನೆ ಒಂದು ಎಲೆ ಕಿತ್ತು ಮಣ್ಣಿನ ಮೇಲಿಟ್ಟರೆ ಮರಿ ಬರುತ್ತಲ್ಲ, ಈ ಉಸಾಬರಿ ಯಾಕೆ?" ಅಂತ ನಮ್ಮ ಅತ್ತೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಲೆಯಿಂದ ಮರಿ ಬರುತ್ತೆ, ಆದರೆ ಅದು ತಾಯಿಯ ಪಡಿಯಚ್ಚು. ನನಗೆ ಬೇಕಾಗಿರುವುದು ಜಗತ್ತಿನಲ್ಲಿ ಇನ್ಯಾರ ಕಿಟಕಿಯಲ್ಲೂ ಇಲ್ಲದ ಗಿಡ. ಈ ಆಸೆ ಒಂದು ಸಲ ತಲೆಗೆ ಹೊಕ್ಕರೆ ಬಿಡುವುದಿಲ್ಲ. ಅದಕ್ಕೆ ಸರಿಯಾಗಿ ಈ ವಂಶದ ಗಿಡಗಳೂ ಮಹಾ ಉದಾರಿಗಳು. ಸ್ವಂತ ಕುಲದ ಆಚೆಗೂ ಕೂಡಿಕೊಳ್ಳುತ್ತವೆ. ಎಚೆವೇರಿಯಾ ಗ್ರಾಪ್ಟೊಪೆಟಲಮ್ ಜೊತೆ ಸೇರಿದರೆ ಗ್ರಾಪ್ಟೊವೇರಿಯಾ, ಸೆಡಮ್ ಜೊತೆ ಸೇರಿದರೆ ಸೆಡೆವೇರಿಯಾ, ಪ್ಯಾಕಿಫೈಟಮ್ ಜೊತೆ ಸೇರಿದರೆ ಪ್ಯಾಕಿವೇರಿಯಾ. ಹೆಸರು ಕೂಡಿಸೋದು ಇಷ್ಟು ಸಲೀಸಾಗಿದ್ದರೆ ಹೂ ಕೂಡಿಸೋದು ಎಷ್ಟರ ಮಾತು ಅನ್ನಿಸುತ್ತೆ, ಅಲ್ವಾ?

ಹೂವಿನೊಳಗೆ ಇಣುಕಿದಾಗ ಗೊತ್ತಾಗುತ್ತದೆ. ಎಚೆವೇರಿಯಾ ಹೂವಿಗೆ ಐದು ದಳ, ಹತ್ತು ಕೇಸರ. ಮೊದಲು ಕೇಸರದ ತುದಿಗಳು ಒಡೆದು ಹಳದಿ ಪುಡಿ ಬಿಡುತ್ತವೆ. ಹೆಣ್ಣು ಭಾಗ ನಿಧಾನಕ್ಕೆ, ಗಂಡಿನ ಗಲಾಟೆ ಮುಗಿದ ಮೇಲೆ, ತುದಿಯಲ್ಲಿ ಅಂಟಂಟಾಗಿ ತಯಾರಾಗುತ್ತದೆ. ಹಾಗಂತ ಗಿಡವನ್ನು ಪೂರ್ತಿ ನಂಬೋ ಹಾಗಿಲ್ಲ. ತನ್ನದೇ ಪರಾಗ ತನಗೇ ಮೆತ್ತಿಕೊಂಡು ಬೀಜ ಕಟ್ಟಿಬಿಟ್ಟರೆ, ವರ್ಷಗಟ್ಟಲೆ ಸಾಕಿ ಸಲಹಿದ ಮೇಲೆ ಕೈಗೆ ಬರೋದು ಅದೇ ಹಳೇ ತಾಯಿಯ ಮುಖ. ಆದ್ದರಿಂದ ಮೊಗ್ಗು ಅರಳುವ ಮೊದಲೇ ದಳ ಸರಿಸಿ, ಚಿಮುಟದಲ್ಲಿ ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಒಂಬತ್ತು ಸುಲಭವಾಗಿ ಬರುತ್ತವೆ. ಹತ್ತನೆಯದು ದಳದ ಬುಡಕ್ಕೆ ಒತ್ತಿಕೊಂಡು ಅಡಗಿರುತ್ತದೆ. ಉಸಿರು ಬಿಗಿ ಹಿಡಿದು ಚಿಮುಟ ಹಾಕಿ ಎಳೆದರೆ, ಅದರ ಜೊತೆಗೆ ಹೆಣ್ಣು ಭಾಗವೂ ಮುರಿದುಕೊಂಡು ಬರುತ್ತದೆ. ಕೈಯಲ್ಲಿ ಈಗ ಪೂರ್ತಿ ಹೂವಿದೆ, ಗಿಡದಲ್ಲಿ ತೊಟ್ಟು.

ಗ್ರಾಪ್ಟೊಪೆಟಲಮ್ ಇದಕ್ಕಿಂತ ಒಳ್ಳೆಯ ಪ್ರಾಣಿ. ನಕ್ಷತ್ರದಂತೆ ಪೂರ್ತಿ ಬಿಚ್ಚಿಕೊಳ್ಳುವ ಹೂ, ಪರಾಗ ಬೇಕಾದರೆ ತಗೋ ಅನ್ನೋ ಸ್ವಭಾವ. ಒಂದೇ ತೊಂದರೆ, ಅದು ಹೂ ಬಿಡುವಾಗ ನನಗೆ ಬೇಕಾದ ಎಚೆವೇರಿಯಾ ಹೂ ಬಿಟ್ಟಿರೋದಿಲ್ಲ. ಇದಕ್ಕೂ ಉಪಾಯ ಇದೆ. ಪರಾಗವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಕಾಪಾಡಬಹುದು. ಕಾಪಾಡಿದ್ದೆ. ನಮ್ಮನೆಯವರು ಒಂದು ರಜೆಯ ದಿನ ಯಾರೂ ಕೇಳದಿದ್ದರೂ ಫ್ರಿಜ್ ಕ್ಲೀನ್ ಮಾಡಿದರು.

"ಆ ಡಬ್ಬೀಲಿ ಏನೂ ಇರಲಿಲ್ಲ ಕಣೇ. ಖಾಲಿ ಪೊಟ್ಟಣ ಅಷ್ಟೇ."

"ರೀ, ಅದರೊಳಗೆ ಪರಾಗ ಇತ್ತು."

"ಪೊಟ್ಟಣದ ಮೂಲೇಲಿ ಒಂಚೂರು ಧೂಳು ಇತ್ತಪ್ಪ. ಕೊಡವಿದೆ."

ಹಾವರ್ಥಿಯಾ ಅನ್ನೋ ಇನ್ನೊಂದು ದಪ್ಪ ಎಲೆಯ ಗಿಡದ ಕಥೆ ಬೇರೆ. ಅದರ ಹೂ ಸಪೂರ ಕೊಳವೆ. ಬ್ರಷ್ ಒಳಗೆ ಹೋಗೋದೇ ಇಲ್ಲ. ಪಳಗಿದ ಗಿಡಪ್ರೇಮಿಗಳು ಮೀನಿನ ಗಾಳದ ದಾರವನ್ನೋ, ಬೆಕ್ಕಿನ ಮೀಸೆಯ ಕೂದಲನ್ನೋ ಬಳಸುತ್ತಾರೆ. ಬೆಕ್ಕಿನ ಮೀಸೆ ಆಗಾಗ ತಾನಾಗಿಯೇ ಉದುರುತ್ತದೆ, ಕೀಳಬೇಕಾಗಿಲ್ಲ, ಕೀಳಲೂಬಾರದು. ನಮ್ಮನೆ ಬೆಕ್ಕಿಗೆ ಇದು ತಿಳಿದಿಲ್ಲ. ಸೋಫಾ ಕೆಳಗೆ, ದಿಂಬಿನ ಸಂದಿಯಲ್ಲಿ, ಅದು ಮಲಗೋ ಬುಟ್ಟಿಯಲ್ಲಿ ಭೂತಗನ್ನಡಿ ಹಿಡಿದು ತಡಕಾಡುವ ನನ್ನನ್ನು ಕಂಡರೆ ಈಗ ಅದು ಎದ್ದು ಬೇರೆ ಕೋಣೆಗೆ ಹೋಗುತ್ತದೆ. ಕೊನೆಗೆ ಒಂದು ಮೀಸೆ ಸಿಕ್ಕಿತು. ಹೂವಿಗೆ ಅದ್ಭುತವಾಗಿ ಕೆಲಸ ಮಾಡಿತು. ಕಾಯಿ ಕಟ್ಟಿತು. ಹಾವರ್ಥಿಯಾ ಕಾಯಿ ಒಣಗಿದರೆ ಬಿರಿದು ಬೀಜ ಚೆಲ್ಲುತ್ತದೆ. ಅದಕ್ಕೇ ಕಾಯಿಯ ಮೇಲೆ ಸ್ಟ್ರಾ ತುಂಡು ಟೋಪಿಯಾಗಿ ತೊಡಿಸಬೇಕು. ತೊಡಿಸಿದೆ. ಮನೆಗೆ ಬಂದವರೆಲ್ಲ ಆ ಗಿಡವನ್ನೂ ನನ್ನನ್ನೂ ಒಂದೇ ಥರ ನೋಡಿದರು.

ಯಾವ ಹೂವಿಗೆ ಯಾವುದರ ಪರಾಗ ಹಾಕಿದ್ದು ಅನ್ನೋದಕ್ಕೆ ಗುರುತು ಬೇಕು. ನಾನು ಬಣ್ಣದ ದಾರ ಕಟ್ಟುತ್ತೇನೆ. ಕೆಂಪು ಅಂದರೆ ಒಂದು ಅಪ್ಪ, ನೀಲಿ ಅಂದರೆ ಇನ್ನೊಂದು ಅಪ್ಪ. ಹೂ ಬಾಡಿ, ಕಡ್ಡಿ ಒಣಗುವವರೆಗೆ ಒಂದೆರಡು ತಿಂಗಳು ಕಾಯಬೇಕು. ಇಲ್ಲೊಂದು ವಿಚಿತ್ರ ಇದೆ. ಬೀಜ ಹಣ್ಣಾಗುವ ಹೊತ್ತಿಗೇ ಹೂಕಡ್ಡಿ ನೋಡಲು ಅತ್ಯಂತ ದರಿದ್ರವಾಗಿರುತ್ತದೆ. ಕಂದುಬಣ್ಣ, ಸುಕ್ಕು, ಮೇಲೆ ಒಂದಿಷ್ಟು ಹಿಟ್ಟು ತಿಗಣೆ. ಅಂಥದ್ದನ್ನು ಮನೆಯಲ್ಲಿ ಯಾರಾದರೂ ಬಿಟ್ಟಾರೆಯೇ? ಒಂದು ಬೆಳಿಗ್ಗೆ ಕಿಟಕಿಯ ಗಿಡಗಳೆಲ್ಲ ಲಕ್ಷಣವಾಗಿ, ಚೊಕ್ಕಟವಾಗಿ ನಿಂತಿದ್ದವು.

"ಕಡ್ಡಿ ಎಲ್ಲ ಒಣಗಿತ್ತು ಕಣಮ್ಮಾ, ಕತ್ತರಿಸಿ ಹಾಕಿದೆ," ಅಂದರು ಅತ್ತೆ. ನನ್ನ ಮುಖ ನೋಡಿ ಸಮಾಧಾನ ಹೇಳಿದರು, "ದಾರ ಬಿಸಾಕಿಲ್ಲ. ಮತ್ತೆ ಬೇಕಾಗುತ್ತೇಂತ ಬಿಚ್ಚಿ ಸುತ್ತಿಟ್ಟಿದ್ದೀನಿ."

ನಿಜ. ಕೆಂಪು ಬೇರೆ, ನೀಲಿ ಬೇರೆ ಸುತ್ತಿಟ್ಟಿದ್ದರು.

ಮುಂದಿನ ಸಲ ಹೂಕಡ್ಡಿಗಳ ಮೇಲೆ ಚೀಟಿ ಅಂಟಿಸಿ, ಅತ್ತೆಯ ಹತ್ತಿರವೇ ಕಾವಲಿನ ಜವಾಬ್ದಾರಿ ಕೊಟ್ಟೆ. ಕಾಯಿಗಳು ಸುರಕ್ಷಿತವಾಗಿ ಒಣಗಿದವು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಮೂರು ಬೇರೆ ಬೇರೆ ಜೋಡಿಯ ಕಾಯಿಗಳನ್ನು ಮೂರು ಗುಡ್ಡೆ ಮಾಡಿ ಒಡೆಯಲು ಕೂತೆ. ಒಣಗಿದ ಕಾಯಿಯ ಐದು ಹೋಳು ನಕ್ಷತ್ರದ ಆಕಾರಕ್ಕೆ ತೆರೆದುಕೊಂಡಿರುತ್ತವೆ. ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದರೆ ಕಂದು ಬಣ್ಣದ ನಶ್ಯದ ಪುಡಿ ಉದುರುತ್ತದೆ. ಪುಡಿ ಅಲ್ಲ, ಅದೇ ಬೀಜ. ಒಂದೊಂದು ಕಣ ಒಂದೊಂದು ಗಿಡ. ಅದರ ಜೊತೆ ಹೊಟ್ಟೂ ಇರುತ್ತದೆ. ಯಾವುದು ಹೊಟ್ಟು ಯಾವುದು ಬೀಜ ಅಂತ ತಿಳಿಯಲು ಹಾಳೆಯನ್ನು ಸ್ವಲ್ಪ ಓರೆ ಮಾಡಿ ಮೆಲ್ಲಗೆ ತಟ್ಟಬೇಕು. ದುಂಡಗಿನ ಬೀಜ ಉರುಳಿ ಮುಂದೆ ಬರುತ್ತೆ, ಹೊಟ್ಟು ಹಿಂದೆ ಉಳಿಯುತ್ತೆ. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಮನೆಯಲ್ಲಿ ಸೀನಬಾರದು ಅಂತ ಕಟ್ಟಾಜ್ಞೆ ಮಾಡಿದ್ದೆ. ಕಿಟಕಿ ಮುಚ್ಚಿದ್ದೆ. ಬೆಕ್ಕನ್ನು ಹೊರಗೆ ಹಾಕಿದ್ದೆ.

ನಮ್ಮನೆಯವರು ಹೊರಗಿನಿಂದ ಬಂದರು. "ಅಬ್ಬಾ, ಏನು ಸೆಕೆ! ಕಿಟಕಿ ಯಾಕೆ ಮುಚ್ಚಿದ್ದೀಯ?" ಅಂದರು. ಆಮೇಲೆ ಫ್ಯಾನ್ ಸ್ವಿಚ್ಚಿನ ಸದ್ದು.

ಹೆಚ್ಚು ಹೇಳುವುದಿಲ್ಲ. ಹಾಳೆ ಮಾತ್ರ ಉಳಿಯಿತು. ಅದೂ ಮೇಜಿನ ಕೆಳಗೆ. ಗೋಡೆ ಮೂಲೆಯಿಂದ, ಚಮಚದ ಸ್ಟ್ಯಾಂಡಿನಿಂದ, ಅವರ ಅಂಗಿಯ ಜೇಬಿನಿಂದ ಗುಡಿಸಿ ಒಟ್ಟು ಮಾಡಿದ್ದರಲ್ಲಿ ಬೀಜ ಎಷ್ಟು, ಮನೆಯ ಕಸ ಎಷ್ಟು ಅಂತ ಹೇಳೋರು ಯಾರು? ಒಂದೇ ಒಂದು ಜೋಡಿಯ ಕಾಯಿಗಳು ಇನ್ನೂ ಒಡೆಯದೆ ಬಾಕಿ ಇದ್ದವು. ಅದನ್ನು ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಒಡೆದೆ.

ಬಿತ್ತೋದು ಅಷ್ಟೇನೂ ಕಷ್ಟವಲ್ಲ. ಮಣ್ಣಿನ ಮಿಶ್ರಣವನ್ನು ಬಿಸಿ ಮಾಡಿ ಆರಿಸಿ, ತೇವ ಮಾಡಿ, ಬೀಜವನ್ನು ಮೇಲ್ಗಡೆಯೇ ಚೆಲ್ಲಬೇಕು. ಮುಚ್ಚಬಾರದು, ಅವಕ್ಕೆ ಬೆಳಕು ಬೇಕು. ಪಾರದರ್ಶಕ ಡಬ್ಬಿಯ ಮುಚ್ಚಳ ಹಾಕಿ ಕಾಯಬೇಕು. ಕೆಲವು ದಿನಕ್ಕೆ ಮಣ್ಣಿನ ಮೇಲೆ ಹಸಿರು ಚುಕ್ಕೆಗಳು ಕಂಡವು. ನಾನು ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಅತ್ತೆ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿ, "ಪಾಚಿ ಅಲ್ವಾ ಇದು?" ಅಂದರು. ಅರ್ಧ ಅವರು ಹೇಳಿದ್ದೇ ಸರಿ. ಇನ್ನರ್ಧ ಸಸಿಗಳೇ. ಗುಂಡುಸೂಜಿಯ ತಲೆಗಿಂತ ಚಿಕ್ಕ ಎರಡು ಎಲೆ, ಅವುಗಳ ನಡುವೆ ಇನ್ನೂ ಚಿಕ್ಕದೊಂದು ಮೂರನೆಯದರ ಸುಳಿವು.

ಇಲ್ಲಿಂದ ಮುಂದೆ ಮುಚ್ಚಳದ ಜಗಳ. ಮುಚ್ಚಿಟ್ಟರೆ ಬೂಷ್ಟು ಬಂದು ಬುಡ ಕೊಳೆತು ಮಲಗುತ್ತವೆ. ತೆಗೆದರೆ ಒಂದೇ ಮಧ್ಯಾಹ್ನಕ್ಕೆ ಒಣಗುತ್ತವೆ. ಸ್ವಲ್ಪ ಸ್ವಲ್ಪವೇ ತೆರೆದು ಅಭ್ಯಾಸ ಮಾಡಿಸಿದರೆ ಆ ಸಂದಿಯಲ್ಲಿ ಸಣ್ಣ ಕರಿ ನೊಣ ನುಗ್ಗಿ ಮೊಟ್ಟೆ ಇಡುತ್ತದೆ. ಅದರ ಹುಳ ಎಳೆ ಬೇರು ತಿನ್ನುತ್ತದೆ. ಸತ್ತವು ಸತ್ತು ಉಳಿದವು ಉಳಿದವು.

ಬೇಕಂತಲೇ ಗಿಡ ಬೆರೆಸಿದವರ ಸಾಲಿನಲ್ಲಿ ಮೊದಲು ಬರೋ ಹೆಸರು ಲಂಡನ್ನಿನ ತೋಟಗಾರ ಥಾಮಸ್ ಫೇರ್‌ಚೈಲ್ಡ್‌ನದು. ಸುಮಾರು 1717ರಲ್ಲಿ ಆತ ಕಾರ್ನೇಷನ್ ಮತ್ತು ಸ್ವೀಟ್ ವಿಲಿಯಮ್ ಹೂಗಳನ್ನು ಸೇರಿಸಿ ಹೊಸ ಗಿಡ ಮಾಡಿದ. ಅದಕ್ಕೆ ಬೀಜ ಕಟ್ಟುವ ಶಕ್ತಿ ಇರಲಿಲ್ಲ, ಹಾಗಾಗಿ ಜನ ಅದನ್ನು ಫೇರ್‌ಚೈಲ್ಡ್‌ನ ಹೇಸರಗತ್ತೆ ಅಂದರು. 1729ರಲ್ಲಿ ಸಾಯುವಾಗ ಆತ ಚರ್ಚಿನಲ್ಲಿ ವರ್ಷಕ್ಕೊಂದು ಉಪನ್ಯಾಸ ಮಾಡಿಸಲು ಹಣ ಬಿಟ್ಟು ಹೋದ. ದೇವರ ಕೆಲಸಕ್ಕೆ ಕೈ ಹಾಕಿದ ಅಳುಕು ಇತ್ತು ಅಂತ ಹೇಳುವವರಿದ್ದಾರೆ. ನನಗೆ ಆ ಅಳುಕಿಲ್ಲ. ನಮ್ಮನೆಯಲ್ಲಿ ಉಪನ್ಯಾಸ ವರ್ಷಕ್ಕೆ ಒಂದೇ ಸಲವಲ್ಲ, ಅದೂ ಪುಕ್ಕಟೆ.

ಅಳುಕಬೇಕಾದ ಉದಾಹರಣೆಯೂ ಇದೆ ಅನ್ನಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಟನ್ ಅನ್ನುವವರು ಕಲಾಂಚೋ ಅನ್ನೋ ದಪ್ಪ ಎಲೆಯ ಗಿಡದ ಎರಡು ಜಾತಿಗಳನ್ನು ಬೆರೆಸಿದರು. ಹುಟ್ಟಿದ ಗಿಡ ಎಲೆಯ ಅಂಚಿನ ತುಂಬ ಮರಿ ಕಟ್ಟಿಕೊಂಡು ಉದುರಿಸುತ್ತ, ಇವತ್ತು ಎಷ್ಟೋ ದೇಶಗಳಲ್ಲಿ ಕಳೆಯಾಗಿ ಹಬ್ಬಿದೆ. ಅದರ ಒಂದು ಕುಂಡ ನಮ್ಮಲ್ಲೂ ಇದೆ. ಅಥವಾ ನಾವು ಅದರ ಹತ್ತಿರ ಇದ್ದೇವೆ. ನನ್ನ ಸಸಿ ಟ್ರೇಯಲ್ಲಿ ಎಲ್ಲಕ್ಕಿಂತ ಹುರುಪಾಗಿ ಬೆಳೆಯೋದು ಯಾವಾಗಲೂ ಅದರ ಮರಿಯೇ.

ಇಷ್ಟಾದ ಮೇಲೂ ಸಸಿಗಳು ದೊಡ್ಡವಾದವು. ಕನಸಲ್ಲಿ ನಾನು ಕಂಡದ್ದು ಒಬ್ಬರ ಗುಲಾಬಿ ಅಂಚು, ಇನ್ನೊಬ್ಬರ ದಪ್ಪ ಎಲೆ. ಬಂದದ್ದೆಲ್ಲ ಅಪ್ಪ ಅಮ್ಮನ ನಡುವಿನ ಬೂದು ಹಸಿರು, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಎರಡು ಕಾಡುಜಾತಿಗಳನ್ನು ಬೆರೆಸಿದರೆ ಮೊದಲ ಪೀಳಿಗೆ ಹೀಗೇ ಇರುತ್ತದೆ. ತಮಾಷೆ ಶುರುವಾಗೋದು ಹೈಬ್ರಿಡ್‌ಗೆ ಹೈಬ್ರಿಡ್ ಸೇರಿಸಿದಾಗ. ಆಗ ಒಂದೊಂದು ಸಸಿ ಒಂದೊಂದು ರೂಪ. ಆದರೆ ಕುಲ ದಾಟಿ ಹುಟ್ಟಿದ ಎಷ್ಟೋ ಗಿಡಗಳು ಫೇರ್‌ಚೈಲ್ಡ್‌ನ ಹೇಸರಗತ್ತೆಗಳೇ. ಹೂ ರಾಶಿ, ಬೀಜ ಸೊನ್ನೆ.

ಹಾಗಿದ್ದರೆ ಸಾಧಾರಣ ಸಸಿಗಳನ್ನೆಲ್ಲ ಎಸೆದು ಒಳ್ಳೆಯದೊಂದನ್ನು ಇಟ್ಟುಕೊಳ್ಳಬೇಕು. ತಳಿಗಾರರು ಮಾಡೋದು ಇದನ್ನೇ. ಪರಾಗ ಸೋಕಿಸುವುದು ಯಾರಿಗೂ ಬರುತ್ತೆ, ಎಸೆಯೋದಕ್ಕೆ ಗುಂಡಿಗೆ ಬೇಕು. ನನಗೆ ಆ ಗುಂಡಿಗೆ ಇಲ್ಲ. ಕಸದ ಬುಟ್ಟಿಯವರೆಗೆ ಹೋಗುತ್ತೇನೆ. ಅಷ್ಟರಲ್ಲಿ ಒಂದರ ಎಲೆಯ ತುದಿ ಸ್ವಲ್ಪ ಕೆಂಪಗಿದೆಯೇನೋ ಅನ್ನಿಸುತ್ತದೆ. ವಾಪಸ್ ಬರುತ್ತೇನೆ. ಹೀಗೆ ಕಿಟಕಿ ತುಂಬಿತು, ಮೆಟ್ಟಿಲು ತುಂಬಿತು, ಮಗಳ ಓದುವ ಮೇಜಿನ ಅರ್ಧ ಹೋಯಿತು. ಮನೆಗೆ ಬಂದ ನೆಂಟರ ಕೈಗೆ ಎರಡೆರಡು ಕುಂಡ ಕೊಟ್ಟೆ. ಈಗ ಅವರು ಫೋನ್‌ನಲ್ಲೇ ಯೋಗಕ್ಷೇಮ ವಿಚಾರಿಸುತ್ತಾರೆ.

ಇನ್ನು ಹೆಸರಿನ ಪಟ್ಟಿ. ಅಮ್ಮನ ಹೆಸರು ಮೊದಲು, ಗುಣಿಸುವ ಚಿಹ್ನೆ, ಆಮೇಲೆ ಅಪ್ಪ. ಇದು ರೂಢಿ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಬಿಸಿಲಿಗೆ ಮಾಸಿ ಹೋಗುತ್ತದೆ. ಪೆನ್ಸಿಲ್ ಉಳಿಯುತ್ತದೆ. ಹೆಸರು ಎಡವಟ್ಟಾಗೋದು ದೊಡ್ಡವರಿಗೂ ತಪ್ಪಿಲ್ಲ. ಗ್ರಾಪ್ಟೊಪೆಟಲಮ್ ಪ್ಯಾರಗ್ವಾಯೆನ್ಸೆ ಅಂತ ಒಂದು ಗಿಡ ಇದೆ. ಪ್ಯಾರಗ್ವೆಯದು ಅಂತ ತಿಳಿದು ಇಟ್ಟ ಹೆಸರು. ಅದು ಅಪ್ಪಟ ಮೆಕ್ಸಿಕೊದ್ದು. ಇವತ್ತಿಗೂ ಅದೇ ಹೆಸರಲ್ಲಿ ಓಡಾಡಿಕೊಂಡಿದೆ.

ಈ ನಡುವೆ ಊಟದ ಮೇಜಿನ ಪಕ್ಕದ ಜೇಡ್ ಗಿಡದ ಕುಂಡದಲ್ಲಿ ಏನೋ ಎದ್ದಿತ್ತು. ಯಾರೂ ಮಣ್ಣು ಬಿಸಿ ಮಾಡಿರಲಿಲ್ಲ, ಮುಚ್ಚಳ ಹಾಕಿರಲಿಲ್ಲ. ಜೇಡ್‌ಗೆ ಹಾಕಿದ ನೀರು ಕುಡಿದುಕೊಂಡು ಅದರ ನೆರಳಲ್ಲಿ ಬೆಳೆದುಬಿಟ್ಟಿತ್ತು. ದಪ್ಪ ಎಲೆ. ತುದಿಗೆ ನೇರಳೆ ಛಾಯೆ. ಮೈತುಂಬ ಬಿಳಿ ಮೇಣದ ಪುಡಿ, ಅದರ ಮೇಲೆ ಅದಾಗಲೇ ಅತ್ತೆಯ ಹೆಬ್ಬೆರಳಿನ ಗುರುತು. ಈ ಪುಡಿ ಒಂದು ಸಲ ಅಳಿಸಿದರೆ ಆ ಎಲೆಯಲ್ಲಿ ಮೊದಲಿನಂತೆ ಆಗೋದಿಲ್ಲ. ಮುಟ್ಟಿದವರು ಸಿಕ್ಕಿಬೀಳುತ್ತಾರೆ.

ನಾನು ಸಾಕಿದ ಅಷ್ಟೂ ಸಸಿಗಳಲ್ಲಿ ಇಂಥದ್ದೊಂದು ಇರಲಿಲ್ಲ. ಅವತ್ತು ಫ್ಯಾನ್ ಗಾಳಿಗೆ ಹಾರಿದ ಎರಡು ಗುಡ್ಡೆಯಲ್ಲಿ ಇದು ಯಾವ ಗುಡ್ಡೆಯದು? ಅಮ್ಮ ಯಾರು, ಅಪ್ಪ ಯಾರು? ಹೇಳೋಕೆ ಬರೋದಿಲ್ಲ. ನಮ್ಮನೆಯವರಿಗೆ ಆ ಚಿಂತೆಯೇ ಇರಲಿಲ್ಲ. ಪೆನ್ಸಿಲ್ ಕೇಳಿ ಇಸಿದುಕೊಂಡು, ನಾನು ತಡೆಯುವ ಮೊದಲೇ ಪಟ್ಟಿ ಬರೆದು ಕುಂಡಕ್ಕೆ ಚುಚ್ಚಿದರು. "ಗೊತ್ತಿಲ್ಲ × ಗೊತ್ತಿಲ್ಲ. ಫ್ಯಾನ್ ಹಾಕಿದ್ದು: ನಾನು."

ಮನೆಗೆ ಬಂದವರಿಗೆ ಅವರೇ ತೋರಿಸುತ್ತಾರೆ. "ನಾನು ಮಾಡಿದ ತಳಿ" ಅನ್ನುತ್ತಾರೆ. ಸ್ವಿಚ್ಚನ್ನೂ ತೋರಿಸುತ್ತಾರೆ.

ಮೊನ್ನೆ ಅದು ಮೊದಲ ಹೂಕಡ್ಡಿ ಬಿಟ್ಟಿತು. ಬ್ರಷ್ ತೊಳೆದು ಒಣಗಿಸಿಟ್ಟಿದ್ದೇನೆ. ಮನೆಯ ಕತ್ತರಿಗಳನ್ನೆಲ್ಲ ಒಟ್ಟು ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಒಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ. ಅತ್ತೆಯನ್ನು ಕೇಳಿದರೆ, "ಯಾವ ಕತ್ತರಿ?" ಅನ್ನುತ್ತಾರೆ.